ಮೀಟರನ್ನು ಅಳೆದುಕೊಟ್ಟ ತ್ವಾಜು

ಮೀಟರೆಂಬ ಮಾನವು ಭೂಗೋಳದಿಂದಲೇ ತೆಗೆದುದೆಂದೂ, ಉತ್ತರ ಧ್ರುವದಿಂದ ವಿಷುವದ್ರೇಖೆಯವರೆಗಿನ ದೂರವನ್ನು ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲೇ ಅದೆಂದೂ, ಆದಕಾರಣ ಅದು ಯಾವ ಅರಸನಿಗಾಗಲಿ ಯಾವ ನಾಡಿಗಾಗಲಿ ಸೇರಿದ ಸೊತ್ತಲ್ಲವೆಂದೂ ನಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ಈ ಪಾಠದಲ್ಲಿ ಅಸತ್ಯವಿಲ್ಲ. ಆದರೆ ಒಂದು ಪ್ರಶ್ನೆಯನ್ನು ಅದು ಕೇಳದೆಯೇ ಮುಂದೆ ಹೋಗಿಬಿಡುತ್ತದೆ. ಭೂಮಿಯನ್ನು ಅಳೆಯಹೊರಟವರ ಕೈಯಲ್ಲಿ ಅದಕ್ಕೂ ಮೊದಲೇ ಒಂದು ಅಳತೆಗೋಲು ಇದ್ದಿರಲೇಬೇಕಷ್ಟೆ? ಮೀಟರು ಇನ್ನೂ ಹುಟ್ಟದಿದ್ದ ಕಾಲದಲ್ಲಿ, ಅದನ್ನು ಹುಟ್ಟಿಸುವ ಉದ್ದೇಶದಿಂದಲೇ ಬೆಟ್ಟಬೆಟ್ಟಗಳ ನಡುವೆ ತ್ರಿಕೋಣಗಳನ್ನು ಹೆಣೆಯುತ್ತ ಹೋದ ಆ ವಿದ್ವಾಂಸರು ನೆಲದ ಮೇಲೆ ಒಂದರ ಮುಂದೊಂದಾಗಿ ಇಡುತ್ತ ಹೋದ ಕೋಲು ಯಾವುದು? ಅದರ ಹೆಸರು ‘ತ್ವಾಜು’. ಇಂದು ಫ್ರಾನ್ಸಿನಲ್ಲಿಯೂ ಬಳಕೆ ತಪ್ಪಿರುವ, ಆದರೆ ವಿಜ್ಞಾನದ ಇತಿಹಾಸದಲ್ಲಿ ಮಹತ್ಕಾರ್ಯವೊಂದನ್ನು ಎಸಗಿದ ಹಳೆಯ ಫ್ರೆಂಚ್ ಉದ್ದಳತೆ ಅದು.

ತ್ವಾಜೆಂದರೆ ಆರು ಅಡಿ. ಆದರೆ ಆ ಅಡಿಯು ನಾವು ಇಂಗ್ಲಿಷರಿಂದ ಕಲಿತ ಅಡಿಯಲ್ಲ. ಫ್ರೆಂಚರು ರಾಜನ ಪಾದವೆಂದು ಕರೆಯುತ್ತಿದ್ದ, ಇಂಗ್ಲಿಷ್ ಅಡಿಗಿಂತ ಮುಕ್ಕಾಲು ಅಂಗುಲಕ್ಕೂ ತುಸು ಹೆಚ್ಚಾದ ಅಡಿ. ಅಡಿಗೆ ಹನ್ನೆರಡು ಅಂಗುಲ, ಅಂಗುಲಕ್ಕೆ ಹನ್ನೆರಡು ರೇಖೆ ಎಂಬ ವಿಭಾಗಕ್ರಮದಂತೆ ಒಂದು ತ್ವಾಜಿನಲ್ಲಿ 864 ರೇಖೆಗಳು ಅಡಕವಾಗಿದ್ದುವು. ಈಗಿನ ಲೆಕ್ಕದಲ್ಲಿ ಅದರ ಉದ್ದ 1.949 ಮೀಟರು. ಹೆಸರು ಬಂದುದು ಲ್ಯಾಟಿನ್ನಿನ ‘ತೆನ್ಸಾ’ ಎಂಬ ಶಬ್ದದಿಂದ; ಚಾಚಿದುದು, ಹರಡಿದುದು ಎಂದು ಅದರ ಅರ್ಥ; ಚಾಚಿದವು ತೋಳುಗಳು. ಎರಡು ಕೈಗಳನ್ನೂ ಅಗಲವಾಗಿ ಹರಡಿ ನಿಂತ ಮನುಷ್ಯನ ಒಂದು ಬೆರಳತುದಿಯಿಂದ ಇನ್ನೊಂದು ಬೆರಳತುದಿಯವರೆಗಿನ ದೂರವೇ ಈ ಮಾನದ ಮೂಲ. ನಮ್ಮ ಹೂವಾಡಗಿತ್ತಿಯರು ಕಟ್ಟಿದ ಮಲ್ಲಿಗೆಯನ್ನು ಇಂದಿಗೂ ಅಳೆದುಕೊಡುವ ‘ಮಾರು’, ಕೌಟಿಲ್ಯನ ಅರ್ಥಶಾಸ್ತ್ರವು 84 ಅಂಗುಲವೆಂದು ನಿಶ್ಚಯಿಸುವ ‘ವ್ಯಾಮ’, ಇಂಗ್ಲಿಷ್ ನಾವಿಕರು ಕಡಲಿನ ಆಳವನ್ನು ನೋಡುತ್ತಿದ್ದ ‘ಫ್ಯಾದಮ್’ ಇವೆಲ್ಲವೂ ಇದೇ ದೇಹಭಂಗಿಯಿಂದ ಹುಟ್ಟಿದ ಸಹೋದರಮಾನಗಳು. ‘ತೆನ್ಸಾ’ದ ಧಾತುವೂ ನಮಗೆ ಪರಕೀಯವಲ್ಲ, ಸಂಸ್ಕೃತದಲ್ಲಿ ತಂತು, ತಾನ, ವಿತಾನಗಳನ್ನು ಹೆತ್ತ ‘ತನ್’ ಧಾತುವೂ ಅದೂ ಏಕಮೂಲದವೆಂಬುದು ಭಾಷಾಶಾಸ್ತ್ರಜ್ಞರಿಗೆ ಸಮ್ಮತವಾದ ಸಂಗತಿ.

ದೇಹದಿಂದ ಹುಟ್ಟಿದ ಮಾನವು ದೇಹವನ್ನು ಬಿಟ್ಟು ಲೋಹವನ್ನು ಆಶ್ರಯಿಸದೆ ವ್ಯವಹಾರ ಸಾಗದು, ಏಕೆಂದರೆ ಒಬ್ಬನ ತೋಳಿನಂತೆ ಇನ್ನೊಬ್ಬನ ತೋಳಿರದು. ಪ್ಯಾರಿಸಿನಲ್ಲಿ ಸೇನ್ ನದಿಯ ದಡದ ಮೇಲೆ ನ್ಯಾಯಸ್ಥಾನವಾಗಿದ್ದ ಗ್ರಾಂ ಶಾತ್ಲೆ ಎಂಬ ಹಳೆಯ ಕೋಟೆಯಲ್ಲಿ ಕಬ್ಬಿಣದ ಒಂದು ತ್ವಾಜನ್ನು ಕಟ್ಟಡಕ್ಕೇ ಕೂಡಿಸಿ ಭದ್ರಪಡಿಸಿದ್ದರು. ಅದರ ಎರಡು ತುದಿಗಳಲ್ಲಿಯೂ ಮೇಲೆದ್ದ ಅಂಚುಗಳಿದ್ದುವು. ವರ್ತಕನಾಗಲಿ ಗಾರೆಯವನಾಗಲಿ ತನ್ನ ಕೋಲನ್ನು ತಂದು ಆ ಅಂಚುಗಳ ನಡುವೆ ಹಿಡಿದು, ಅದು ಸರಿಯಾಗಿ ಕೂತರೆ ಸಾಚಾ ಎಂದು ತಿಳಿಯಬೇಕು. ಆದರೆ ಕಟ್ಟಡವೇ ಕುಸಿದರೆ? ಹದಿನೇಳನೆಯ ಶತಮಾನದ ನಡುವಿನ ಹೊತ್ತಿಗೆ ಆಧಾರವಾಗಿದ್ದ ಕಂಬವು ಜಗ್ಗಿ, ಮಾನದಂಡವು ಬಾಗಿ ವಿಕೃತವಾಗಿತ್ತು. 1668ರಲ್ಲಿ ಹೊಸದನ್ನು ಮಾಡಿಸಿದಾಗ, ಮೂಲದ ಉದ್ದವನ್ನು ಪುನಃ ಸಂಪಾದಿಸುವುದಕ್ಕೆ ಲೂವ್ರ್ ಅರಮನೆಯ ಒಂದು ಬಾಗಿಲನ್ನು ಆಶ್ರಯಿಸಿದರಂತೆ. ನಕ್ಷೆಯ ಪ್ರಕಾರ ಹನ್ನೆರಡು ಅಡಿ ಅಗಲವಿರಬೇಕಾಗಿದ್ದ ಆ ಬಾಗಿಲಿನ ಅರ್ಧವೇ ಹೊಸ ತ್ವಾಜಾಯಿತು. ಗಾರೆ ಕೆಲಸದವರು ಅದುವರೆಗೆ ಬಳಸುತ್ತಿದ್ದ ಮಾನಕ್ಕಿಂತ ಅದು ಐದು ರೇಖೆಗಳಷ್ಟು ಚಿಕ್ಕದು. ಐದು ರೇಖೆಯೆಂದರೆ ಹನ್ನೊಂದು ಮಿಲಿಮೀಟರು ಮಾತ್ರ. ಆದರೆ ನೂರು ತ್ವಾಜು ಉದ್ದದ ಗೋಡೆ ಕಟ್ಟಿದವನ ಕೂಲಿಯ ಲೆಕ್ಕದಲ್ಲಿ ಅದು ಒಂದು ಮೀಟರಿಗೂ ಮಿಗಿಲಾದ ವ್ಯತ್ಯಾಸವಾಗುತ್ತದೆ. ಇದು ರಾಜಧಾನಿಯೊಂದರ ಕಥೆ. ಊರೂರಿನ ಕಥೆ ಬೇರೆ. ಲಿಯೋಂ ನಗರದ ತ್ವಾಜಿನಲ್ಲಿ ಏಳೂವರೆ ಅಡಿಗಳಿದ್ದುವು, ಆ ಅಡಿಯೂ ಪ್ಯಾರಿಸಿನ ಅಡಿಯಾಗಿರಲಿಲ್ಲ.

ಶಾತ್ಲೆಯ ಈ ಹೊಸ ಮಾನವನ್ನು ಕೈಗೆತ್ತಿಕೊಂಡು ಮೊಟ್ಟಮೊದಲು ಭೂಮಿಯನ್ನು ಅಳೆದವನು ಖಗೋಳಜ್ಞ ಜಾನ್ ಪಿಕಾರ್. 1669-70ರಲ್ಲಿ ಪ್ಯಾರಿಸಿನ ದಕ್ಷಿಣದಲ್ಲಿರುವ ಮಾಲ್ವಾಜೀನ್‌ನಿಂದ ಉತ್ತರದಲ್ಲಿ ಆಮಿಯಾಂ ಸಮೀಪದ ಸೂರ್ದೋಂವರೆಗೆ, ದೂರದರ್ಶಕವನ್ನು ಅಳವಡಿಸಿದ ಕೋನಮಾಪಕಗಳಿಂದ ತ್ರಿಕೋಣಗಳನ್ನು ಬಿಡಿಸುತ್ತ ಹೋದ ಈತನು ರೇಖಾಂಶದ ಗುಂಟ ಒಂದು ಡಿಗ್ರಿಯ ಉದ್ದವು 57,060 ತ್ವಾಜುಗಳೆಂದು ನಿರ್ಣಯಿಸಿದನು. ನ್ಯೂಟನ್ನನು ‘ಪ್ರಿನ್ಸಿಪಿಯ’ದಲ್ಲಿ ಭೂಮಿಯ ಗಾತ್ರಕ್ಕೆ ಪ್ರಮಾಣವಾಗಿ ಹಿಡಿದುದು ಈ ಸಂಖ್ಯೆಯನ್ನೇ. ಆದರೆ ಪಿಕಾರನಲ್ಲಿ ನನಗೆ ಹೆಚ್ಚು ಆದರಣೀಯವಾಗಿ ಕಾಣುವುದು ಆತನ ಅಳತೆಯಲ್ಲ, ಆತನ ಆತಂಕ. ಶಾತ್ಲೆಯ ಹಿಂದಿನ ಮಾನದಂಡಕ್ಕೆ ಬಂದ ಗತಿ ಇದಕ್ಕೂ ಬರಬಹುದು. ಕೋಲು ನಷ್ಟವಾದರೆ ಅದರಿಂದ ಅಳೆದುದೆಲ್ಲವೂ ಅರ್ಥಹೀನವಾಗುತ್ತದೆ ಎಂಬುದನ್ನು ಆತನು ಸ್ಪಷ್ಟವಾಗಿ ಕಂಡುಕೊಂಡಿದ್ದನು. ಆದಕಾರಣ ಸೆಕೆಂಡಿಗೊಂದು ತೂಗು ತೂಗುವ ಲೋಲಕದ ಉದ್ದವು ಪ್ಯಾರಿಸಿನಲ್ಲಿ 36 ಅಂಗುಲ 8½ ರೇಖೆ ಎಂದು ತನ್ನ ಗ್ರಂಥದಲ್ಲಿ ಬರೆದಿಟ್ಟು, ಅದರ ಇಮ್ಮಡಿಯನ್ನು ‘ವಿಶ್ವ ತ್ವಾಜು’ ಎಂದು ಕರೆದು ಸಕಲ ದೇಶಗಳೂ ಅಂಗೀಕರಿಸಬಹುದೆಂದು ಸೂಚಿಸಿದನು. ಲೋಹ ತುಕ್ಕು ಹಿಡಿದರೇನು, ಗಡಿಯಾರವಿರುವಲ್ಲೆಲ್ಲ ಆ ಉದ್ದವನ್ನು ಮತ್ತೆ ಪಡೆಯಬಹುದೆಂಬುದು ಆತನ ಆಶಯ. ಆತನ ಕೈಯಲ್ಲಿದ್ದ ಕೋಲು ಉಳಿದುಬರಲಿಲ್ಲ.

ಆಶಯ ಉನ್ನತವಾದುದು, ಆದರೆ ಪ್ರಕೃತಿ ಒಪ್ಪಲಿಲ್ಲ. 1672ರಲ್ಲಿ ವಿಷುವದ್ರೇಖೆಗೆ ಸಮೀಪದ ಕಾಯೆನ್ ದ್ವೀಪಕ್ಕೆ ಹೋದ ಜಾನ್ ರಿಶೇರನು, ಅಲ್ಲಿ ಗಡಿಯಾರ ಸರಿಯಾಗಿ ನಡೆಯಬೇಕಾದರೆ ಲೋಲಕವನ್ನು ಒಂದೂಕಾಲು ರೇಖೆಯಷ್ಟು ಗಿಡ್ಡ ಮಾಡಬೇಕಾಗುತ್ತದೆಂದು ಕಂಡನು. ಗುರುತ್ವವು ಎಲ್ಲೆಡೆಯಲ್ಲಿಯೂ ಸಮನಾಗಿಲ್ಲವೆಂದ ಮೇಲೆ ಲೋಲಕವು ಸಾರ್ವತ್ರಿಕ ಮಾನವಾಗುವ ಮಾತು ಅಷ್ಟಕ್ಕೇ ನಿಂತಿತು. ಆದರೆ ಅದೇ ಒಂದೂಕಾಲು ರೇಖೆಯಿಂದ ಮಹತ್ತರವಾದ ಇನ್ನೊಂದು ಪ್ರಶ್ನೆ ಮೂಡಿತು. ಭೂಮಿಯು ನಡುವಿನಲ್ಲಿ ಉಬ್ಬಿ ಧ್ರುವಗಳಲ್ಲಿ ಚಪ್ಪಟೆಯಾಗಿದೆಯೆಂದು ನ್ಯೂಟನ್ನನೂ ಹೈಗೆನ್ಸನೂ ತರ್ಕಿಸಿದರು. ಫ್ರಾನ್ಸಿನ ಉದ್ದಕ್ಕೂ ಅಳೆದು ಬಂದ ಜಾಕ್ ಕಾಸಿನಿಯ ಲೆಕ್ಕದಲ್ಲಿ ಉತ್ತರಕ್ಕೆ ಹೋದಂತೆ ಡಿಗ್ರಿಯು ಕಿರಿದಾಗುತ್ತಿತ್ತು, ಎಂದರೆ ಭೂಮಿಯು ಧ್ರುವಗಳ ಕಡೆಗೆ ಚಾಚಿಕೊಂಡಿತ್ತು. ಫ್ರಾನ್ಸಿನೊಳಗೆ ಒಂದು ಡಿಗ್ರಿಗೂ ಅದರ ನೆರೆಯ ಡಿಗ್ರಿಗೂ ಇರುವ ಅಂತರ ಹತ್ತಾರು ತ್ವಾಜುಗಳದು. ಉಪಕರಣದ ದೋಷವು ಅದನ್ನು ಸುಲಭವಾಗಿ ನುಂಗಿಬಿಡುತ್ತದೆ. ವಿವಾದ ತೀರಬೇಕಾದರೆ ವಿಷುವದ್ರೇಖೆಯಲ್ಲೊಮ್ಮೆ, ಧ್ರುವದ ಸಮೀಪದಲ್ಲೊಮ್ಮೆ ಅಳೆಯಬೇಕು. ಎರಡು ಕಡೆಯೂ ಒಂದೇ ಮಾನದಿಂದ ಅಳೆಯಬೇಕು.

ಹೀಗಾಗಿ 1735ರಲ್ಲಿ ಪ್ಯಾರಿಸಿನ ಉಪಕರಣಶಿಲ್ಪಿ ಲಾಂಗ್ಲುವಾ ಎಂಬಾತನು ಶಾತ್ಲೆಯ ಮಾನಕ್ಕೆ ಸರಿದೂಗಿಸಿ ಕಬ್ಬಿಣದ ಎರಡು ತ್ವಾಜುಗಳನ್ನು ಸಿದ್ಧಪಡಿಸಿದನು. ಒಂದು ದಕ್ಷಿಣ ಅಮೆರಿಕಕ್ಕೆ ಹೋಗಿ ‘ಪೆರುವಿನ ತ್ವಾಜು’ ಎನಿಸಿಕೊಂಡಿತು; ಇನ್ನೊಂದು ಲ್ಯಾಪ್‌ಲ್ಯಾಂಡಿಗೆ ಹೋಗಿ ‘ಉತ್ತರದ ತ್ವಾಜು’ ಎನಿಸಿಕೊಂಡಿತು. ಯಮಳರಂತಿದ್ದ ಈ ಎರಡು ಕೋಲುಗಳ ಭಾಗ್ಯ ಮಾತ್ರ ಒಂದೇ ತೆರನಾಗಿರಲಿಲ್ಲ.

ಉತ್ತರಕ್ಕೆ ಹೋದವರ ನಾಯಕ ಮೋಪೆರ್ತ್ವಿ; ಗಣಿತಜ್ಞ ಕ್ಲೇರೋ, ಸ್ವೀಡನ್ನಿನ ಸೆಲ್ಸಿಯಸ್ ಮೊದಲಾದವರು ಆತನ ಸಂಗಡಿಗರು. ಟೋರ್ನಿಯೊ ನದಿಯ ಕಣಿವೆಯಲ್ಲಿ 1736ರ ಬೇಸಗೆಯೆಲ್ಲ ಸೊಳ್ಳೆಗಳ ಕಾಟವನ್ನು ಸಹಿಸಿ ಗುಡ್ಡಗಳ ಮೇಲೆ ಸಂಕೇತಸ್ತಂಭಗಳನ್ನು ನೆಟ್ಟ ಇವರು, ಡಿಸೆಂಬರಿನಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆಯೇ ಮರದ ಗಳುಗಳನ್ನು ಸಾಲಾಗಿ ಇಡುತ್ತ ತ್ರಿಕೋಣಗಳ ಲೆಕ್ಕಕ್ಕೆಲ್ಲ ತಳಹದಿಯಾಗುವ, 7,406 ತ್ವಾಜುಗಳಷ್ಟು ಉದ್ದದ ಆಧಾರರೇಖೆಯನ್ನು ಅಳೆದರು. ಡಿಗ್ರಿಗೆ 57,438 ತ್ವಾಜು ಬಂದಿತು. ಪಿಕಾರನ ಡಿಗ್ರಿಗಿಂತ ಇದು ಹೆಚ್ಚು. ಧ್ರುವದ ಕಡೆ ಭೂಮಿ ಚಪ್ಪಟೆಯಾಗಿರುವುದು ನಿಜ. ಸುಮಾರು ಎರಡು ತಲೆಮಾರುಗಳ ಅನಂತರ ಸ್ವೀಡನ್ನಿನ ಸ್ವಾನ್‌ಬೆರ್ಗನು ಅಲ್ಲಿಯೇ ಮರಳಿ ಅಳೆದಾಗ ಮೋಪೆರ್ತ್ವಿಯ ಸಂಖ್ಯೆ ಇನ್ನೂರು ತ್ವಾಜುಗಳಿಗೂ ಮಿಗಿಲಾಗಿ ಹೆಚ್ಚಾಗಿದ್ದುದು ತಿಳಿಯಿತು. ನಿರ್ಣಯ ಸರಿ, ಅಂಕಿ ತಪ್ಪು. ಹಿಂದಿರುಗುವಾಗ ಬೋತ್ನಿಯ ಕೊಲ್ಲಿಯಲ್ಲಿ ಹಡಗು ಅಪಘಾತಕ್ಕೀಡಾಗಿ, ಉತ್ತರದ ತ್ವಾಜು ನೀರಿನ ಸೋಂಕಿನಿಂದ ತುಕ್ಕು ಹಿಡಿಯಿತು.

ದಕ್ಷಿಣಕ್ಕೆ ಹೋದವರ ಕಥೆ ದೀರ್ಘವಾದುದು, ಕರುಣೆಯಿಂದ ಕೂಡಿದುದು. ಗೊದ್ಯಾಂ, ಬುಗೇರ್, ಲಾ ಕೊಂದಾಮೀನ್ ಎಂಬ, ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮೂವರು ಸದಸ್ಯರು 1735ರ ಮೇ ತಿಂಗಳಿನಲ್ಲಿ ಲಾ ರೋಶೆಲ್ ಬಂದರಿನಿಂದ ಹೊರಟು, ಸ್ಪೇನಿನ ನೌಕಾಧಿಕಾರಿಗಳಾದ ಹೊರ್ಹೆ ಹುವಾನ್ ಮತ್ತು ಆಂತೋನಿಯೊ ದೆ ಉಯೋವರನ್ನು ಕೂಡಿಕೊಂಡು, ಅಂದು ಪೆರು ಪ್ರಾಂತಕ್ಕೆ ಸೇರಿದ್ದ, ಇಂದು ಎಕ್ವಡಾರ್ ಎನಿಸಿಕೊಳ್ಳುವ ನಾಡಿನ ಕ್ವಿಟೊ ನಗರವನ್ನು ತಲಪಿದರು. ನಗರದ ಸಮೀಪದ ಯಾರುಕಿ ಬಯಲಿನಲ್ಲಿ 1736ರ ಕೊನೆಯ ತಿಂಗಳುಗಳಲ್ಲಿ ಆಧಾರರೇಖೆಯ ಅಳತೆ ನಡೆಯಿತು. ಎರಡು ತಂಡಗಳು ಎರಡು ತುದಿಗಳಿಂದ ಹೊರಟು, ಇಪ್ಪತ್ತು ಅಡಿಯ ಮರದ ಗಳುಗಳನ್ನು ಒಂದಕ್ಕೊಂದು ತಾಗಿಸುತ್ತ, ಬಿಸಿಲು ತೇವಗಳಿಂದ ಗಳುಗಳ ಉದ್ದ ಬದಲಾಗಿರಬಹುದೆಂಬ ಶಂಕೆಯಿಂದ ಅವನ್ನು ಕಬ್ಬಿಣದ ತ್ವಾಜಿನೊಡನೆ ಮತ್ತೆ ಮತ್ತೆ ಹೋಲಿಸುತ್ತ, ಎದುರುಬದುರಾಗಿ ಅಳೆದುಕೊಂಡು ಹೋದುವು. ಹನ್ನೆರಡು ಕಿಲೋಮೀಟರಿಗೂ ಮಿಗಿಲಾದ, 6,272 ತ್ವಾಜುಗಳ ಆ ದೂರದಲ್ಲಿ ಎರಡು ತಂಡಗಳ ಫಲಿತಾಂಶಗಳ ನಡುವೆ ಕಂಡ ವ್ಯತ್ಯಾಸ ಮೂರು ಅಂಗುಲವನ್ನೂ ಮುಟ್ಟಲಿಲ್ಲ. ಇಂಥ ಪ್ರಾಮಾಣಿಕ ಶ್ರಮದ ಮುಂದೆ ತಲೆಬಾಗದೆ ಇರುವುದು ನನಗಂತೂ ಸಾಧ್ಯವಿಲ್ಲ.

ಅನಂತರದ ವರ್ಷಗಳು ಆಂಡೀಸ್ ಪರ್ವತಗಳ ಹಿಮದಲ್ಲಿಯೂ ಮಂಜಿನಲ್ಲಿಯೂ ಕಳೆದುವು. ಶಿಖರಗಳ ಮೇಲೆ ನಿಲ್ಲಿಸಿದ ಗುರುತುಗಳನ್ನು ಗಾಳಿ ಕೆಡವುತ್ತಿತ್ತು. ಗಾಳಿ ಉಳಿಸಿದುದನ್ನು ಹಗ್ಗಕ್ಕಾಗಿಯೋ ಮರಕ್ಕಾಗಿಯೋ ಜನ ಕೊಂಡೊಯ್ಯುತ್ತಿದ್ದರು. ತಂಡದ ತರುಣನೊಬ್ಬನು ಬಂದ ವರ್ಷವೇ ಜ್ವರದಿಂದ ತೀರಿಕೊಂಡನು. ವೈದ್ಯ ಸೆನಿಯೆರ್ಗನು 1739ರಲ್ಲಿ ಕ್ವೆಂಕಾ ಪಟ್ಟಣದ ದೊಂಬಿಯೊಂದರಲ್ಲಿ ಹತನಾದನು. ಇಷ್ಟರ ನಡುವೆ ಮೋಪೆರ್ತ್ವಿ ತನ್ನ ಕೆಲಸವನ್ನು ಮುಗಿಸಿ ಪ್ಯಾರಿಸಿಗೆ ಮರಳಿದನೆಂಬ, ಭೂಮಿಯ ಆಕಾರದ ಪ್ರಶ್ನೆ ಇತ್ಯರ್ಥವಾಯಿತೆಂಬ ವಾರ್ತೆಯೂ ಇವರನ್ನು ಮುಟ್ಟಿತು. ಕೀರ್ತಿ ಕೈತಪ್ಪಿತೆಂದು ತಿಳಿದ ಮೇಲೆಯೂ ಇವರು ಮೂರು ಡಿಗ್ರಿಗೂ ಮೀರಿದ ತಮ್ಮ ಅಳತೆಯನ್ನು ನಡುವಿನಲ್ಲಿ ಕೈಬಿಡಲಿಲ್ಲ. ದಕ್ಷಿಣದ ತುದಿಯಲ್ಲಿ ತಾರ್ಕಿ ಎಂಬಲ್ಲಿ ಎರಡನೆಯ ಆಧಾರರೇಖೆಯನ್ನು ಅಳೆದು ಮೊದಲಿನದರ ಲೆಕ್ಕವನ್ನು ಪರೀಕ್ಷಿಸಿಕೊಂಡರು. ಬುಗೇರನ ನಿರ್ಣಯದಂತೆ ವಿಷುವದ್ರೇಖೆಯ ಬಳಿ ಒಂದು ಡಿಗ್ರಿಯ ಉದ್ದ 56,753 ತ್ವಾಜು. ಲಾ ಕೊಂದಾಮೀನನು ಕ್ವಿಟೊದಲ್ಲಿ ಸೆಕೆಂಡಿನ ಲೋಲಕದ ಉದ್ದವನ್ನು ಸೂಚಿಸುವ ಶಾಸನವನ್ನು ನಿಲ್ಲಿಸಿ, ಪ್ರಕೃತಿದತ್ತವಾದ ಈ ಮಾನವು ಸಕಲರದೂ ಆಗಲೆಂಬ ಹಾರೈಕೆಯನ್ನು ಅದರಲ್ಲಿ ಕೆತ್ತಿಸಿದನು. ಪಿಕಾರನ ಕನಸು ಅಷ್ಟು ದೂರಕ್ಕೆ ಪಯಣಿಸಿತ್ತು. ಲಾ ಕೊಂದಾಮೀನನು ಅಮೆಜಾನ್ ನದಿಯ ಗುಂಟ ಇಳಿದು ಪ್ಯಾರಿಸನ್ನು ಸೇರಿದುದು 1745ರಲ್ಲಿ.

ಇತ್ತ ಶಾತ್ಲೆಯ ಮಾನದಂಡವು ಬಯಲ ಗಾಳಿಗೆ ತೆರೆದುಕೊಂಡು, ನಿತ್ಯವೂ ಅದಕ್ಕೆ ತಾಕುವ ಸಾವಿರ ಕೋಲುಗಳಿಂದ ಸವೆದು, ನಂಬಿಕೆಗೆ ಅನರ್ಹವಾಗುತ್ತ ಬಂದಿತ್ತು. ಲಾ ಕೊಂದಾಮೀನನು ಈ ಅಧೋಗತಿಯನ್ನು ಎತ್ತಿ ತೋರಿಸಿ, ಪೆರುವಿಗೆ ಹೋಗಿ ಬಂದ ಕೋಲೇ ಇನ್ನು ಪ್ರಮಾಣವಾಗಲೆಂದು ವಾದಿಸಿದನು. 1766ರ ಮೇ 16ರ ರಾಜಘೋಷಣೆಯು ಅದನ್ನೇ ವಿಧಿಸಿತು. ಪ್ರಾಂತಗಳಿಗೆ ಕಳುಹಿಸುವುದಕ್ಕಾಗಿ ಅದರ 80 ಪ್ರತಿಕೃತಿಗಳು ಸಿದ್ಧವಾದುವು. ಕಬ್ಬಿಣವು ಕಾವಿಗೆ ಹಿಗ್ಗುವುದರಿಂದ, ರೆಯೋಮ್ಯೂರ್ ಮಾಪಕದ 13 ಡಿಗ್ರಿಯ ಉಷ್ಣದಲ್ಲಿ ಇದ್ದ ಉದ್ದವೇ ಅದರ ನಿಜವಾದ ಉದ್ದವೆಂದು ಹಿಡಿದರು. ಕೋಟೆಯ ಕಂಬದಿಂದ ಬಿಡುಗಡೆಗೊಂಡು, ಉಷ್ಣಮಾಪಕದ ಸಹಿತವಾಗಿ ವಿವರಿಸಲ್ಪಟ್ಟ ಈ ತ್ವಾಜಿನಲ್ಲಿ ಆಧುನಿಕ ಮಾಪನಶಾಸ್ತ್ರವು ಕಣ್ಣು ತೆರೆಯಿತೆಂದರೆ ಅತಿಶಯೋಕ್ತಿಯಾಗದು.

ಫ್ರಾನ್ಸಿನ ಮಹಾಕ್ರಾಂತಿಯ ಹೊತ್ತಿಗೆ ಜನರ ಬೇಡಿಕೆಗಳಲ್ಲಿ ಏಕರೂಪದ ಮಾನಕ್ಕಾಗಿ ಮೊರೆಯೂ ಸೇರಿತ್ತು. 1791ರಲ್ಲಿ ರಾಷ್ಟ್ರಸಭೆಯು ರೇಖಾಂಶದ ಚತುರ್ಥಾಂಶದ ಕೋಟಿಯೊಂದು ಪಾಲನ್ನು ಹೊಸ ಮಾನವೆಂದು ಅಂಗೀಕರಿಸಿತು. ದೆಲಾಂಬ್ರ್ ಮತ್ತು ಮೆಶೇಂ ಎಂಬಿಬ್ಬರು ಖಗೋಳಜ್ಞರು ಡಂಕರ್ಕಿನಿಂದ ಬಾರ್ಸಿಲೋನಾದವರೆಗೆ ಆರೇಳು ವರ್ಷ, ಯುದ್ಧವೂ ಸಂಶಯವೂ ಸೆರೆವಾಸವೂ ಅಡ್ಡಬಂದರೂ, ಅಳೆದರು. ಅವರು ಮೆಲೆಂ ಬಳಿಯಲ್ಲಿಯೂ ಪೆರ್ಪಿನ್ಯಾಂ ಬಳಿಯಲ್ಲಿಯೂ ಆಧಾರರೇಖೆಗಳ ಮೇಲೆ ಇಟ್ಟ ಪ್ಲಾಟಿನಮ್ಮಿನ ಪಟ್ಟಿಗಳ ಉದ್ದ ಎಷ್ಟು? ತಲಾ ಎರಡು ತ್ವಾಜು. ಗಣಿತಜ್ಞ ಬೋರ್ದಾನ ಯೋಜನೆಯಂತೆ ತಯಾರಾದ ಆ ಪಟ್ಟಿಗಳನ್ನು ಹೋಲಿಸಿ ನಿಗದಿಪಡಿಸಿದುದು ಪೆರುವಿನ ತ್ವಾಜಿನೊಡನೆಯೇ. ಫ್ರಾನ್ಸಿನೊಳಗಿನ ಅಳತೆಯಿಂದ ಧ್ರುವದವರೆಗಿನ ದೂರವನ್ನು ಕಂಡುಹಿಡಿಯಲು ಭೂಮಿ ಎಷ್ಟು ಚಪ್ಪಟೆಯೆಂಬುದು ತಿಳಿಯಬೇಕು; ಅದನ್ನು ತಿಳಿಯಲು ವಿದ್ವತ್ಸಮಿತಿಯು ಆಶ್ರಯಿಸಿದುದು ಬುಗೇರ್ ಮತ್ತು ಲಾ ಕೊಂದಾಮೀನರ ಪೆರುವಿನ ಅಳತೆಯನ್ನು. ಅರ್ಧ ಶತಮಾನದ ಹಿಂದೆ ಕೀರ್ತಿ ಕೈತಪ್ಪಿದ ಮೇಲೆಯೂ ಮುಗಿಸಿ ತಂದ ಆ ಕೆಲಸವು ಹೀಗೆ ಎರಡು ಮಾರ್ಗಗಳಿಂದ, ಕೋಲಾಗಿಯೂ ಅಂಕಿಯಾಗಿಯೂ, ಮೀಟರಿನೊಳಗೆ ಪ್ರವೇಶಿಸಿತು. ರೇಖಾಂಶದ ಚತುರ್ಥಾಂಶ 51,30,740 ತ್ವಾಜುಗಳೆಂದು ಬಂದಿತು. ಅದನ್ನು ಕೋಟಿಯಿಂದ ಭಾಗಿಸಿದಾಗ ಬಂದ 443.296 ರೇಖೆಗಳೇ ಮೀಟರೆಂದು 1799ರ ಡಿಸೆಂಬರ್ 10ರ ಶಾಸನವು ಸಾರಿತು.

ತನ್ನಿಂದ ಅಳೆಯಲ್ಪಟ್ಟುದು ತನ್ನ ಸ್ಥಾನವನ್ನೇ ಆಕ್ರಮಿಸುವುದನ್ನು ತ್ವಾಜು ಒಡನೆಯೇ ಒಪ್ಪಿಕೊಳ್ಳಬೇಕಾಗಲಿಲ್ಲ, ಏಕೆಂದರೆ ಜನರು ಹಳೆಯದನ್ನು ಬಿಡಲಿಲ್ಲ. 1812ರಲ್ಲಿ ನೆಪೋಲಿಯನ್ನನ ಸರಕಾರವು ಸರಿಯಾಗಿ ಎರಡು ಮೀಟರಿನ ಒಂದು ಕೋಲಿಗೆ ‘ತ್ವಾಜು’ ಎಂದೇ ಹೆಸರಿಟ್ಟು, ಅದನ್ನು ಆರು ಅಡಿಗಳಾಗಿ ವಿಭಾಗಿಸಿ ಅಂಗಡಿಗಳಲ್ಲಿ ನಡೆಸಲು ಅನುಮತಿಯಿತ್ತಿತು. ಹೆಸರು ಹಳೆಯದು, ಉದ್ದ ಬೇರೆಯದು. ಜನರ ಮೇಲಿನ ಕನಿಕರದಿಂದ ಮಾಡಿದ ಈ ಉಪಾಯವು ಗೊಂದಲವನ್ನು ಇಮ್ಮಡಿಸಿದುದಲ್ಲದೆ ಇನ್ನೇನನ್ನೂ ಸಾಧಿಸಲಿಲ್ಲವೆಂಬುದು ನನ್ನ ಅಭಿಪ್ರಾಯ. 1837ರ ಶಾಸನವು 1840ರ ಜನವರಿ 1ರಿಂದ ಅದನ್ನೂ ನಿಷೇಧಿಸಿತು.

ಅಂಗಡಿಯಿಂದ ಹೊರಬಿದ್ದ ಮೇಲೆಯೂ ವಿದ್ವಾಂಸರ ಮನೆಯಲ್ಲಿ ತ್ವಾಜಿಗೆ ಮರ್ಯಾದೆ ತಪ್ಪಲಿಲ್ಲ. ಪ್ರಷ್ಯದ ಖಗೋಳಜ್ಞ ಬೆಸ್ಸೆಲ್ಲನು 1823ರಲ್ಲಿ ಪ್ಯಾರಿಸಿನ ಫೋರ್ತ್ಯಾಂ ಎಂಬ ಶಿಲ್ಪಿಯಿಂದ ಪೆರುವಿನ ತ್ವಾಜಿನ ಪ್ರತಿಕೃತಿಯೊಂದನ್ನು ಮಾಡಿಸಿಕೊಂಡು, ಪೂರ್ವ ಪ್ರಷ್ಯದ ತನ್ನ ಅಳತೆಯನ್ನೆಲ್ಲ ಅದರಿಂದಲೇ ನಡೆಸಿದನು. ನಾರ್ವೆಯಿಂದ ಡ್ಯಾನ್ಯೂಬ್ ನದಿಯವರೆಗೆ ಹಬ್ಬಿದ, ಖಗೋಳಜ್ಞ ಸ್ಟ್ರೂವೆಯು ಅಳೆಯಿಸಿದ ಮಹಾಚಾಪದ ಉದ್ದವೂ ತ್ವಾಜುಗಳಲ್ಲಿಯೇ ಪ್ರಕಟವಾಯಿತು. 1800ರಲ್ಲಿ ಬೆಂಗಳೂರಿನ ಬಳಿ ತನ್ನ ಮೊದಲ ಆಧಾರರೇಖೆಯನ್ನು ಅಳೆದ ಬ್ರಿಟಿಷ್ ಭೂಮಾಪಕ ಲ್ಯಾಂಬ್ಟನ್ನನು ಡಿಗ್ರಿಯ ಉದ್ದವನ್ನು ಫ್ಯಾದಮ್ಮುಗಳಲ್ಲಿ ಬರೆದನು, ಭೂಮಿಯ ಚಪ್ಪಟೆತನವನ್ನು ನಿರ್ಣಯಿಸಲು ಅದನ್ನು ಫ್ರೆಂಚ್, ಇಂಗ್ಲಿಷ್, ಸ್ವೀಡಿಷ್ ಅಳತೆಗಳೊಡನೆ ಹೋಲಿಸಿದನು. ನಮ್ಮ ನೆಲದ ಮೇಲೆ ಆರಂಭವಾದ ಭಾರತದ ಭೂಮಾಪನದ ಆ ಮಹಾಕಾರ್ಯಕ್ಕೂ ತ್ವಾಜಿನ ಬಂಧುತ್ವ ಅಷ್ಟರ ಮಟ್ಟಿಗೆ ಉಂಟು. ಮಾರಿಷಸ್ ದ್ವೀಪದಲ್ಲಿ ಮನೆ ನಿವೇಶನಗಳ ವಿಸ್ತೀರ್ಣವನ್ನು ಇಂದಿಗೂ ಚದರ ತ್ವಾಜುಗಳಲ್ಲಿ ಹೇಳುವ ರೂಢಿಯಿದೆ. ಫ್ರಾನ್ಸಿನಲ್ಲಿ ವೈದ್ಯರ ಕೊಠಡಿಯ ಗೋಡೆಯ ಬಳಿ ನಿಲ್ಲಿಸಿ ಎತ್ತರ ನೋಡುವ ಮಾಪಕಕ್ಕೆ ಈಗಲೂ ಅದೇ ಹೆಸರು; ಒಬ್ಬನನ್ನು ಅಡಿಯಿಂದ ಮುಡಿಯವರೆಗೆ ಕಣ್ಣಿನಿಂದಲೇ ಅಳೆದು ನೋಡುವುದಕ್ಕೆ ಹೇಳುವ ಕ್ರಿಯಾಪದವೂ ಅದರಿಂದಲೇ ಹುಟ್ಟಿದುದು.

ಪೆರುವಿನ ತ್ವಾಜು ಪ್ಯಾರಿಸಿನ ವೀಕ್ಷಣಾಲಯದಲ್ಲಿ ಸುರಕ್ಷಿತವಾಗಿದೆ. ಇಂದಿನ ಸೂಕ್ಷ್ಮ ಅಳತೆಯ ಪ್ರಕಾರ ಧ್ರುವದಿಂದ ವಿಷುವದ್ರೇಖೆಗೆ ಇರುವ ದೂರ ಒಂದು ಕೋಟಿ ಮೀಟರಲ್ಲ, ಅದಕ್ಕಿಂತ 1,966 ಮೀಟರು ಹೆಚ್ಚು. ಎಂದರೆ ದೆಲಾಂಬ್ರ್ ಮತ್ತು ಮೆಶೇಂ ಗೊತ್ತುಮಾಡಿದ ಮೀಟರು ಭೂಮಿಯ ಪಾಲಿಗಿಂತ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ಗಿಡ್ಡ. ಇದು ತಿಳಿದ ಮೇಲೆಯೂ ಮೀಟರನ್ನು ಯಾರೂ ತಿದ್ದಲಿಲ್ಲ. 1889ರ ಅಂತರರಾಷ್ಟ್ರೀಯ ಮೂಲಪ್ರತಿಯನ್ನು 1799ರಲ್ಲಿ ಮೀಟರಿನ ಮಾದರಿಯಾಗಿ ಮಾಡಿಟ್ಟಿದ್ದ ಪ್ಲಾಟಿನಮ್ ಪಟ್ಟಿಗೆ ಸರಿಹೊಂದುವಂತೆ ಮಾಡಿದರು. 1960ರಲ್ಲಿ ಕ್ರಿಪ್ಟಾನ್ ಬೆಳಕಿನ ಅಲೆಗಳಿಂದಲೂ 1983ರಲ್ಲಿ ಬೆಳಕಿನ ವೇಗದಿಂದಲೂ ಮೀಟರನ್ನು ಹೊಸದಾಗಿ ನಿರೂಪಿಸಿದಾಗ, ಅದಾಗಲೇ ಇದ್ದ ಉದ್ದ ಕದಲದಂತೆ ಎಚ್ಚರ ವಹಿಸಿದರು. ಬೆಳಕು ಒಂದು ಸೆಕೆಂಡಿನಲ್ಲಿ ಕ್ರಮಿಸುವ ದೂರವು ಮೂವತ್ತು ಕೋಟಿ ಮೀಟರೆಂಬ ದುಂಡು ಸಂಖ್ಯೆಯಾಗದೆ 29,97,92,458 ಮೀಟರೆಂಬ ಒರಟು ಸಂಖ್ಯೆಯಾಗಿ ನಿಂತಿರುವುದಕ್ಕೆ ಕಾರಣ, 1735ರಲ್ಲಿ ಲಾಂಗ್ಲುವಾ ಉಜ್ಜಿ ನುಣುಪುಗೊಳಿಸಿದ ಒಂದು ಕಬ್ಬಿಣದ ಕೋಲಿನ 864 ರೇಖೆಗಳಲ್ಲಿ 443.296 ರೇಖೆಗಳಷ್ಟು ಉದ್ದವನ್ನು ಜಗತ್ತು ಇಂದಿಗೂ ಬಿಟ್ಟುಕೊಡದೆ ಇರುವುದು.